ಮಾನವಕುಲದ ಉಳಿವು ಮತ್ತು ಗ್ರಹಾಂತರ ವಾಸ: ಸ್ಟೇಪಲ್ಡನ್ನನ ಕಾದಂಬರಿಯೊಂದರ ಅಧ್ಯಯನ

ವ್ಯಕ್ತಿ ಅಳಿದರೂ ಕುಲ ಉಳಿಯುತ್ತದೆಂಬ ನಂಬಿಕೆ ಮನುಷ್ಯನ ಎಲ್ಲ ಸತ್ಕಾರ್ಯಗಳ ಹಿಂದಿರುವ ಮೌನವಾದ ಆಧಾರವಾಗಿದೆ. ಮಾವಿನ ಸಸಿ ನೆಡುವ ಮುದುಕನು ಅದರ ಹಣ್ಣನ್ನು ತಾನೇ ತಿನ್ನುವೆನೆಂದು ನೆಡುವುದಿಲ್ಲ. ಕೆರೆ ಕಟ್ಟಿಸಿದವನು ಅದರ ನೀರನ್ನು ತನ್ನೊಬ್ಬನ ಬಾಯಾರಿಕೆಗೆಂದು ಕಟ್ಟಿಸಿದುದಲ್ಲ. ಮುಂದೆ ಬರುವವರು ಇದ್ದಾರೆಂಬ ಭರವಸೆಯೇ ಇಂದಿನ ದುಡಿಮೆಗೆ ಅರ್ಥವನ್ನು ತರುತ್ತದೆ. ಆದರೆ ಮುಂದೆ ಬರುವವರೇ ಇಲ್ಲವೆಂದಾದರೆ? ಈ ಭೂಮಿಯೇ ಒಂದು ದಿನ ವಾಸಕ್ಕೆ ಅಯೋಗ್ಯವಾದರೆ? ಆಗ ಮಾನವನು ಎಲ್ಲಿಗೆ ಹೋಗಬೇಕು, ಹೇಗೆ ಹೋಗಬೇಕು, ಅದಕ್ಕಿಂತ ಮಿಗಿಲಾಗಿ, ಯಾವ ಬೆಲೆ ತೆತ್ತು ಹೋಗಬೇಕು? ಈ ಪ್ರಶ್ನೆಗಳನ್ನು ಕಥೆಯ ರೂಪದಲ್ಲಿ ಅತ್ಯಂತ ವಿಶಾಲವಾಗಿ ಎತ್ತಿದ ಕೃತಿಗಳಲ್ಲಿ, ೧೯೩೦ರಲ್ಲಿ ಲಂಡನ್ನಿನಿಂದ ಪ್ರಕಟವಾದ 'ಲಾಸ್ಟ್ ಅಂಡ್ ಫಸ್ಟ್ ಮೆನ್' ಅಗ್ರಗಣ್ಯವಾದುದು. 'ಕೊನೆಯ ಹಾಗೂ ಮೊದಲ ಮಾನವರು' ಎಂದು ಈ ಹೆಸರನ್ನು ಕನ್ನಡಿಸಬಹುದು. ಇದರ ಕರ್ತೃ ಓಲಾಫ್ ಸ್ಟೇಪಲ್ಡನ್.

೧. ಕರ್ತೃ ಮತ್ತು ಕಾಲ

ಸ್ಟೇಪಲ್ಡನ್ ಹುಟ್ಟಿದುದು ೧೮೮೬ರಲ್ಲಿ, ಇಂಗ್ಲೆಂಡಿನ ಲಿವರ್‌ಪೂಲ್ ನಗರದ ಸಮೀಪ. ಬಾಲ್ಯದ ಮೊದಲ ವರ್ಷಗಳನ್ನು ಆತ ಈಜಿಪ್ಟಿನ ಪೋರ್ಟ್ ಸೈಯದ್ ಬಂದರಿನಲ್ಲಿ ಕಳೆದನು. ಆಕ್ಸ್‌ಫರ್ಡಿನಲ್ಲಿ ಇತಿಹಾಸವನ್ನು ಓದಿದನು. ಮೊದಲ ಮಹಾಯುದ್ಧ ಬಂದಾಗ ಶಸ್ತ್ರ ಹಿಡಿಯಲು ಮನಸ್ಸೊಪ್ಪದೆ, ಕ್ವೇಕರ್ ಪಂಥದವರು ನಡೆಸುತ್ತಿದ್ದ ಆಂಬುಲೆನ್ಸ್ ದಳವನ್ನು ಸೇರಿ, ಫ್ರಾನ್ಸಿನ ರಣಭೂಮಿಯಲ್ಲಿ ಗಾಯಾಳುಗಳನ್ನು ಸಾಗಿಸುವ ಕಾರ್ಯದಲ್ಲಿ ತೊಡಗಿದನು. ಯುದ್ಧಾನಂತರ ಕಾರ್ಮಿಕರ ಸಂಜೆಯ ತರಗತಿಗಳಲ್ಲಿ ಪಾಠ ಹೇಳುತ್ತ, ೧೯೨೫ರಲ್ಲಿ ಲಿವರ್‌ಪೂಲ್ ವಿಶ್ವವಿದ್ಯಾಲಯದಿಂದ ತತ್ತ್ವಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದನು. ೧೯೨೯ರಲ್ಲಿ ಬಂದ ಅವನ ನೀತಿಶಾಸ್ತ್ರದ ಗ್ರಂಥವನ್ನು ಓದಿದವರು ವಿದ್ವಾಂಸರು. ಮರುವರ್ಷ ಬಂದ ಕಾದಂಬರಿಯಿಂದ ಅವನ ಹೆಸರು ಜನಸಾಮಾನ್ಯರಿಗೂ ಪರಿಚಿತವಾಯಿತು.

ಆ ಕಾಲವನ್ನು ನೆನೆಯುವುದು ಅವಶ್ಯಕ. ದ್ರವ ಇಂಧನದ ಮೊದಲ ರಾಕೆಟ್ಟನ್ನು ಅಮೆರಿಕದ ಗಾಡರ್ಡ್ ಹಾರಿಸಿದ್ದು ೧೯೨೬ರಲ್ಲಿ. ಅದು ಗಾಳಿಯಲ್ಲಿದ್ದುದು ಎರಡೂವರೆ ಸೆಕೆಂಡು ಮಾತ್ರ, ಏರಿದ ಎತ್ತರ ಒಂದು ತೆಂಗಿನ ಮರದಷ್ಟು. ಪ್ಲೂಟೋ ಪತ್ತೆಯಾದುದೇ ಈ ಕಾದಂಬರಿ ಪ್ರಕಟವಾದ ವರ್ಷ. ಇಂಥ ಕಾಲದಲ್ಲಿ ಕುಳಿತು ಸ್ಟೇಪಲ್ಡನ್ ಇನ್ನೂರು ಕೋಟಿ ವರ್ಷಗಳ ಮಾನವ ಚರಿತ್ರೆಯನ್ನು ಬರೆದನು.

ಅವನಿಗೆ ಒಂದು ಪೂರ್ವಪ್ರೇರಣೆಯೂ ಇತ್ತು. ಜೀವವಿಜ್ಞಾನಿ ಜೆ. ಬಿ. ಎಸ್. ಹಾಲ್ಡೇನ್ ೧೯೨೭ರ ತನ್ನ ಪ್ರಬಂಧ ಸಂಕಲನದಲ್ಲಿ 'ಕೊನೆಯ ತೀರ್ಪು' ಎಂಬರ್ಥದ ಶೀರ್ಷಿಕೆಯುಳ್ಳ ಕಲ್ಪನಾ ಪ್ರಬಂಧವೊಂದನ್ನು ಸೇರಿಸಿದ್ದನು. ಸಮುದ್ರದ ಉಬ್ಬರವಿಳಿತಗಳಿಂದ ಮಿತಿಮೀರಿ ಶಕ್ತಿಯನ್ನು ಹಿಂಡಿಕೊಂಡ ಮಾನವನು ಭೂಮಿಯ ಭ್ರಮಣವನ್ನೇ ನಿಧಾನಗೊಳಿಸಿ, ಕಡೆಗೆ ಚಂದ್ರನ ಪತನಕ್ಕೆ ಕಾರಣನಾಗುತ್ತಾನೆ. ಶುಕ್ರಗ್ರಹಕ್ಕೆ ವಲಸೆ ಹೋದ ಕೆಲವರಿಂದ ಕುಲ ಉಳಿಯುತ್ತದೆ. ಈ ಹಾಲ್ಡೇನನೇ ಮುಂದೆ ೧೯೫೭ರಲ್ಲಿ ಭಾರತಕ್ಕೆ ಬಂದು ಕಲ್ಕತ್ತೆಯಲ್ಲಿ ನೆಲೆಸಿ, ಭಾರತದ ಪ್ರಜೆಯಾಗಿ, ೧೯೬೪ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡನೆಂಬುದು ನಮ್ಮ ವಾಚಕರಿಗೆ ಸ್ವಾರಸ್ಯಕರವಾದ ಸಂಗತಿ.

೨. ಕಾದಂಬರಿಯ ಸ್ವರೂಪ

ಕಾದಂಬರಿಯೆಂದೊಡನೆ ನಾಯಕ, ನಾಯಿಕೆ, ಸಂಭಾಷಣೆಗಳನ್ನು ನಿರೀಕ್ಷಿಸುವವರಿಗೆ ಈ ಕೃತಿ ನಿರಾಶೆಯನ್ನುಂಟುಮಾಡಬಹುದು. ಇಲ್ಲಿ ನಾಯಕನೆಂದರೆ ಮಾನವಕುಲವೇ. ಇಡೀ ಗ್ರಂಥ ಚರಿತ್ರೆಯ ಪುಸ್ತಕದಂತೆ ಸಾಗುತ್ತದೆ. ಅತ್ಯಂತ ದೂರದ ಭವಿಷ್ಯದಲ್ಲಿ ನೆಪ್ಚೂನ್ ಗ್ರಹದ ಮೇಲೆ ಬದುಕಿರುವ 'ಕೊನೆಯ ಮಾನವ'ನೊಬ್ಬನು ತನ್ನ ಮನಶ್ಶಕ್ತಿಯಿಂದ ಇಂದಿನ ಲೇಖಕನೊಬ್ಬನ ಮನಸ್ಸನ್ನು ಪ್ರವೇಶಿಸಿ ಈ ಚರಿತ್ರೆಯನ್ನು ಬರೆಸುತ್ತಿದ್ದಾನೆಂಬುದು ಕಥನದ ತಂತ್ರ. ಕೊನೆಯವರು ಮೊದಲಿನವರೊಡನೆ ಮಾತನಾಡುತ್ತಿರುವುದರಿಂದಲೇ ಆ ಹೆಸರು. ಮೊದಲ ಮಾನವರೆಂದರೆ ನಾವೇ. ನಮ್ಮಿಂದ ಆರಂಭಿಸಿ ಒಟ್ಟು ಹದಿನೆಂಟು ಮಾನವ ಜಾತಿಗಳು ಒಂದಾದ ಮೇಲೊಂದು ಹುಟ್ಟಿ, ಬೆಳೆದು, ಅಳಿಯುತ್ತವೆ. ಗ್ರಂಥ ಮುಂದುವರಿದಂತೆ ಕಾಲದ ವೇಗವೂ ಹೆಚ್ಚುತ್ತದೆ. ಆರಂಭದ ಅಧ್ಯಾಯಗಳಲ್ಲಿ ಕೆಲವು ವರ್ಷಗಳಿಗೆ ಸಲ್ಲುವ ಪುಟಗಳು ಕೊನೆಯ ಅಧ್ಯಾಯಗಳಲ್ಲಿ ಕೋಟಿ ವರ್ಷಗಳಿಗೆ ಸಲ್ಲುತ್ತವೆ. ಇದು ಭವಿಷ್ಯವಾಣಿಯಲ್ಲ, ಹೊಸ ಕಾಲಕ್ಕೆ ತಕ್ಕ ಪುರಾಣವೊಂದನ್ನು ಕಟ್ಟುವ ಪ್ರಯತ್ನ ಎಂಬ ಆಶಯವನ್ನು ಕರ್ತೃವು ಪೀಠಿಕೆಯಲ್ಲಿಯೇ ಸ್ಪಷ್ಟಪಡಿಸಿದ್ದಾನೆ.

೩. ಭೂಮಿಯ ಮೇಲಣ ಮಾನವರು

ಮೊದಲ ಮಾನವರ ಪತನಕ್ಕೆ ಕಾರಣ ಆಕಾಶದಿಂದ ಬಂದ ವಿಪತ್ತಲ್ಲ. ಪರಸ್ಪರ ಯುದ್ಧಗಳಿಂದ ಬಳಲಿದ ರಾಷ್ಟ್ರಗಳು ಕಡೆಗೆ ಒಂದೇ ವಿಶ್ವರಾಜ್ಯವಾಗಿ ಕೂಡಿಕೊಳ್ಳುತ್ತವೆ. ಆದರೆ ಆ ರಾಜ್ಯವು ಶಕ್ತಿ ಮತ್ತು ವೇಗಗಳನ್ನೇ ದೈವವೆಂದು ಪೂಜಿಸುತ್ತದೆ. ಕಲ್ಲಿದ್ದಲು ಮುಗಿಯುತ್ತಿದೆಯೆಂದು ತಿಳಿದಿದ್ದರೂ ಯಾರೂ ತಮ್ಮ ಜೀವನಕ್ರಮವನ್ನು ಬದಲಿಸುವುದಿಲ್ಲ. ಇಂಧನ ತೀರಿದ ಬಳಿಕ ಆ ನಾಗರಿಕತೆ ಕುಸಿದು ಬೀಳುತ್ತದೆ. ಬಹುಕಾಲದ ಅಂಧಕಾರದ ನಂತರ ದಕ್ಷಿಣ ಅಮೆರಿಕದ ಪೆಟಗೋನಿಯದಲ್ಲಿ ಮತ್ತೊಂದು ನಾಗರಿಕತೆ ತಲೆಯೆತ್ತಿ, ಪರಮಾಣು ಶಕ್ತಿಯನ್ನು ಪಡೆದು, ಅದರ ದುರ್ಬಳಕೆಯಿಂದಲೇ ಬೆಂದುಹೋಗುತ್ತದೆ. ಉತ್ತರ ಧ್ರುವದ ಕಡೆ ಇದ್ದ ಬೆರಳೆಣಿಕೆಯ ಜನರಿಂದ ಮಾತ್ರ ಕುಲ ಮುಂದುವರಿಯುತ್ತದೆ. ಹಿರೋಷಿಮಾದ ಮೇಲೆ ಬಾಂಬು ಬೀಳುವುದಕ್ಕೆ ಹದಿನೈದು ವರ್ಷ ಮುಂಚೆ ಇದನ್ನು ಬರೆದನೆಂಬುದು ಗಮನಾರ್ಹ.

ಎರಡನೆಯ ಮಾನವರು ದೇಹದಲ್ಲಿ ದೊಡ್ಡವರು, ಮನಸ್ಸಿನಲ್ಲಿ ಉದಾರಿಗಳು. ಅವರ ಮೇಲೆ ಮಂಗಳಗ್ರಹದ ಜೀವಿಗಳು ದಾಳಿಯಿಡುತ್ತವೆ. ಈ ಜೀವಿಗಳು ಸೂಕ್ಷ್ಮ ಕಣಗಳ ಮೋಡಗಳಂತಿದ್ದು, ಒಣಗುತ್ತಿರುವ ತಮ್ಮ ಗ್ರಹಕ್ಕೆ ನೀರು ಮತ್ತು ಸಸ್ಯಸಂಪತ್ತನ್ನು ಹುಡುಕಿಕೊಂಡು ಬಂದವು. ಮನುಷ್ಯರಲ್ಲಿಯೂ ಬುದ್ಧಿಯಿದೆಯೆಂಬುದು ಅವುಗಳಿಗೆ ಬಹುಕಾಲ ಹೊಳೆಯುವುದೇ ಇಲ್ಲ. ಈ ಪ್ರಸಂಗವನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಇಲ್ಲಿ ಮಾನವನು ಪರಗ್ರಹದವರ ವಸಾಹತಿಗೆ ಬಲಿಯಾದವನು. ಮುಂದೆ ತಾನೇ ಅದೇ ಕಾರ್ಯವನ್ನು ಮಾಡುವವನು.

ಮೂರನೆಯವರು ಸಣ್ಣ ದೇಹದವರು, ಸಂಗೀತಪ್ರಿಯರು, ಜೀವಿಗಳನ್ನು ತಿದ್ದಿ ರೂಪಿಸುವ ವಿದ್ಯೆಯಲ್ಲಿ ನಿಪುಣರು. ಅವರು ನಾಲ್ಕನೆಯವರನ್ನು, ಅಂದರೆ ಕಟ್ಟಡಗಳೊಳಗೆ ಬೆಳೆಸಿದ ಬೃಹತ್ ಮಿದುಳುಗಳನ್ನು, ಸೃಷ್ಟಿಸುತ್ತಾರೆ. ಕೇವಲ ಬುದ್ಧಿಯಿಂದ ಜೀವನದ ಮೌಲ್ಯ ತಿಳಿಯದೆಂದು ಕಂಡುಕೊಂಡ ಆ ಮಿದುಳುಗಳೇ ದೇಹ, ಹೃದಯ, ಬುದ್ಧಿ ಮೂರೂ ಸಮತೂಕವಾಗಿರುವ ಐದನೆಯ ಮಾನವರನ್ನು ರೂಪಿಸುತ್ತವೆ.

೪. ಶುಕ್ರಗ್ರಹದ ಪ್ರಸಂಗ

ಐದನೆಯ ಮಾನವರ ಕಾಲದಲ್ಲಿ ಚಂದ್ರನ ಕಕ್ಷೆ ಕಿರಿದಾಗುತ್ತ ಬಂದು, ಅದು ಒಡೆದು ಭೂಮಿಯ ಮೇಲೆ ಬೀಳಲಿದೆಯೆಂದು ತಿಳಿದುಬರುತ್ತದೆ. ಹೋಗಲು ಸಾಧ್ಯವಿರುವುದು ಶುಕ್ರಕ್ಕೆ. ಅಲ್ಲಿ ಸಾಗರವಿದೆ, ಆದರೆ ಉಸಿರಾಡಲು ಆಮ್ಲಜನಕವಿಲ್ಲ. ಆದ್ದರಿಂದ ಸಾಗರದ ನೀರನ್ನು ವಿದ್ಯುತ್ತಿನಿಂದ ಒಡೆದು ಆಮ್ಲಜನಕವನ್ನು ಬಿಡುಗಡೆ ಮಾಡುವ ಯಂತ್ರಗಳನ್ನು ಸ್ಥಾಪಿಸುತ್ತಾರೆ. ಒಂದು ಗ್ರಹದ ವಾತಾವರಣವನ್ನೇ ಮಾನವವಾಸಕ್ಕೆ ತಕ್ಕಂತೆ ಮಾರ್ಪಡಿಸುವ ಈ ಕಲ್ಪನೆಗೆ ಇಂದು 'ಟೆರಾಫಾರ್ಮಿಂಗ್' ಎಂಬ ಹೆಸರಿದೆ. ಆ ಪದ ಬಳಕೆಗೆ ಬಂದುದು ೧೯೪೨ರಲ್ಲಿ. ಅಂದರೆ ಹೆಸರಿಗಿಂತ ಮೊದಲೇ ಸ್ಟೇಪಲ್ಡನ್ ವಸ್ತುವನ್ನು ಚಿತ್ರಿಸಿದ್ದನು.

ಆದರೆ ಶುಕ್ರವು ಬರಿದಾದ ಗ್ರಹವಲ್ಲ. ಅದರ ಸಾಗರದ ಆಳದಲ್ಲಿ ವಿಕಿರಣಶೀಲ ಧಾತುಗಳನ್ನು ಅವಲಂಬಿಸಿ ಬದುಕುವ ಬುದ್ಧಿವಂತ ಜೀವಿಗಳಿವೆ. ಸಾಗರವನ್ನು ಒಡೆಯುವ ಯಂತ್ರಗಳು ಅವುಗಳಿಗೆ ಮೃತ್ಯುವಾಗಿವೆ. ಅವು ಪ್ರತಿಭಟಿಸುತ್ತವೆ. ಮಾನವರು ಅವುಗಳೊಡನೆ ಸಂಧಾನಕ್ಕೆ ಯತ್ನಿಸಿ ವಿಫಲರಾಗುತ್ತಾರೆ. ಆ ಜೀವಿಗಳ ಆಧಾರವಾದ ವಿಕಿರಣಶಕ್ತಿ ಹೇಗೂ ಕುಂದುತ್ತಿದೆ, ಇಂದಲ್ಲ ನಾಳೆ ಅವು ಅಳಿಯುವುವೇ ಎಂದು ವಾದಿಸುತ್ತಾರೆ. ಕಡೆಗೆ ಅವುಗಳನ್ನು ನಿರ್ಮೂಲ ಮಾಡುತ್ತಾರೆ.

ಕಾದಂಬರಿಯ ಹೃದಯವಿರುವುದು ಇಲ್ಲಿ. ಈ ಕೃತ್ಯವನ್ನು ಮಾಡಿದವರು ಕ್ರೂರಿಗಳಲ್ಲ. ಅದುವರೆಗಿನ ಮಾನವರಲ್ಲೆಲ್ಲ ಅತ್ಯಂತ ಸುಸಂಸ್ಕೃತರು. ಅವರ ಸ್ಥಿತಿ ನಿಜವಾಗಿಯೂ ನಿರುಪಾಯವಾದುದು. ಆದರೂ ಕರ್ತೃವು ಅವರನ್ನು ದೋಷಮುಕ್ತರೆಂದು ಬಿಟ್ಟುಬಿಡುವುದಿಲ್ಲ. ಕೃತ್ಯದ ಬಳಿಕ ಕೆಲವರಲ್ಲಿ ಆತ್ಮಧಿಕ್ಕಾರವೂ ಕೆಲವರಲ್ಲಿ ಕಠೋರವಾದ ಗೆಲವೂ ಹುಟ್ಟಿ, ಆ ಎರಡೂ ಸೇರಿ ಆ ಸಮತೂಕದ ಮನಸ್ಸನ್ನು ಕದಡುತ್ತವೆ. ಅವರು ಶುಕ್ರವನ್ನು ಸೇರುತ್ತಾರೆ, ಆದರೆ ಭೂಮಿಯ ಮೇಲಿದ್ದಾಗಿನ ಔನ್ನತ್ಯ ಮರಳಿ ಬರುವುದಿಲ್ಲ. ಹೇಗೂ ಸಾಯುವವರನ್ನು ಕೊಂದರೆ ತಪ್ಪೇನು ಎಂಬ ವಾದದ ಪೊಳ್ಳುತನವನ್ನು ಇಲ್ಲಿ ಕಾಣಬಹುದು. ಹಾಗೆ ನೋಡಿದರೆ ಹೇಗೂ ಸಾಯುವವರು ಯಾರಲ್ಲ? ಐದನೆಯ ಮಾನವರೇ ಚಂದ್ರಪತನದಿಂದ ಸಾಯಲಿದ್ದವರು. ತಮ್ಮ ಪಾಲಿಗೆ ಒಪ್ಪದ ನ್ಯಾಯವನ್ನು ಅವರು ಇತರರ ಮೇಲೆ ಪ್ರಯೋಗಿಸಿದರು. ವಸಾಹತುಗಳ ಚರಿತ್ರೆಯನ್ನು ಬಲ್ಲ ಯಾವ ದೇಶದ ವಾಚಕನಿಗೂ ಈ ತರ್ಕ ಅಪರಿಚಿತವಲ್ಲ.

೫. ನೆಪ್ಚೂನಿನಲ್ಲಿ

ಶುಕ್ರದಲ್ಲಿ ಆರನೆಯ, ಏಳನೆಯ, ಎಂಟನೆಯ ಮಾನವರು ಆಗಿಹೋಗುತ್ತಾರೆ. ಏಳನೆಯವರು ರೆಕ್ಕೆಯುಳ್ಳವರು, ಹಾರಾಟದ ಆನಂದವನ್ನೇ ಪರಮಾರ್ಥವೆಂದು ಬಗೆದವರು. ಎಂಟನೆಯವರು ಯಂತ್ರಕುಶಲರು. ಅಂತರಿಕ್ಷದ ಅನಿಲರಾಶಿಯೊಂದು ಸೂರ್ಯನಿಗೆ ಡಿಕ್ಕಿ ಹೊಡೆಯಲಿದೆ, ಸೂರ್ಯನು ಉಬ್ಬಿ ಉರಿದು ಒಳಗಿನ ಗ್ರಹಗಳನ್ನು ಸುಡಲಿದ್ದಾನೆ ಎಂದು ಅವರಿಗೆ ತಿಳಿಯುತ್ತದೆ. ಉಳಿದಿರುವ ಆಶ್ರಯ ದೂರದ ನೆಪ್ಚೂನ್ ಒಂದೇ. ಅಲ್ಲಿನ ಗುರುತ್ವವನ್ನು ತಾಳಲು ತಕ್ಕ ಕುಬ್ಜ ದೇಹದ ಒಂಬತ್ತನೆಯ ಮಾನವರನ್ನು ಅವರು ನಿರ್ಮಿಸಿ ಕಳುಹುತ್ತಾರೆ. ಹೋಗುವವರು ತಾವಲ್ಲ, ತಮ್ಮ ಕೈಯಿಂದಾದ ಸಂತತಿ ಎಂಬುದನ್ನು ಅರಿತೇ ದುಡಿಯುತ್ತಾರೆ.

ಆದರೆ ಅವಸರದ ಸೃಷ್ಟಿಯಾದ ಒಂಬತ್ತನೆಯವರ ನಾಗರಿಕತೆ ಬಾಳದೆ ಒಡೆಯುತ್ತದೆ. ಅವರ ಸಂತತಿ ಕ್ರಮೇಣ ಮೃಗಗಳಾಗಿ, ಮೇಯುವ ಜಾತಿ, ಬೇಟೆಯಾಡುವ ಜಾತಿ ಎಂದು ಕವಲೊಡೆದು, ಕೋಟ್ಯಂತರ ವರ್ಷ ಬುದ್ಧಿಯ ಬೆಳಕಿಲ್ಲದೆ ಬಾಳುತ್ತದೆ. ಇದು ಕಾದಂಬರಿಯು ಒಡ್ಡುವ ಎರಡನೆಯ ಪರೀಕ್ಷೆ. ರಕ್ತಸಂಬಂಧದ ದೃಷ್ಟಿಯಿಂದ ಮಾನವಕುಲ ಅಲ್ಲಿ ಉಳಿದಿದೆ. ಒಂದು ಎಳೆಯೂ ಕಡಿದಿಲ್ಲ. ಆದರೆ ನೆನಪಿಲ್ಲ, ಮಾತಿಲ್ಲ, ಕರುಣೆಯಿಲ್ಲ. ಅದನ್ನು ಮಾನವಕುಲದ ಉಳಿವೆಂದು ಕರೆಯಬಹುದೆ? ದೀರ್ಘಕಾಲದ ವಿಕಾಸದ ನಂತರ ಹತ್ತನೆಯವರಿಂದ ಮತ್ತೆ ಮನಸ್ಸು ಚಿಗುರುತ್ತದೆ. ಅಂತೂ ಹದಿನೆಂಟನೆಯ, ಅಂದರೆ ಕೊನೆಯ ಮಾನವರಲ್ಲಿ ಅದು ಪೂರ್ಣತೆಗೆ ಸಮೀಪಿಸುತ್ತದೆ. ಅವರು ಮನಸ್ಸಿನಿಂದ ಮನಸ್ಸಿಗೆ ಸಂಪರ್ಕವುಳ್ಳವರು, ಹಿಂದಿನ ಎಲ್ಲ ಮಾನವರ ಬದುಕನ್ನು ಒಳಗಣ್ಣಿನಿಂದ ನೋಡಬಲ್ಲವರು.

ಆಗ ಮೂರನೆಯ ಪರೀಕ್ಷೆ ಬರುತ್ತದೆ. ನಕ್ಷತ್ರವೊಂದರ ವಿಕಾರ ಸೂರ್ಯನಿಗೂ ಹರಡಿ, ನೆಪ್ಚೂನ್ ಕೂಡ ನಾಶವಾಗಲಿದೆ. ಈ ಸಲ ವಲಸೆಗೆ ಜಾಗವಿಲ್ಲ. ಮುಂದೆಂದಾದರೂ ಎಲ್ಲಾದರೂ ಜೀವ ಮೊಳೆತೀತೆಂಬ ಆಸೆಯಿಂದ, ಜೀವಬೀಜದ ಸೂಕ್ಷ್ಮ ಕಣಗಳನ್ನು ನಕ್ಷತ್ರಗಳ ಕಡೆಗೆ ತೂರುವ ಕಾರ್ಯವನ್ನು ಮಾತ್ರ ಅವರು ಕೈಗೊಳ್ಳುತ್ತಾರೆ. ದೇಹ ಮನಸ್ಸುಗಳು ಕುಗ್ಗುತ್ತಿರುವ ಆ ಕಾಲದಲ್ಲಿ, ಅವರೆಲ್ಲರಲ್ಲಿ ಕಿರಿಯನಾದವನು ಉಳಿದವರಿಗೆ ಧೈರ್ಯ ಹೇಳುತ್ತಾನೆ. ಮಾನವನೆಂಬ ಸಂಗೀತ ನಿಂತುಹೋದರೂ ಅದು ನುಡಿದುದು ಸುಳ್ಳಾಗುವುದಿಲ್ಲವೆಂಬ ಸಮಾಧಾನದಲ್ಲಿ ಗ್ರಂಥ ಮುಗಿಯುತ್ತದೆ.

೬. ವಿಜ್ಞಾನದ ಒರೆಗಲ್ಲಿನಲ್ಲಿ

ಇಂದಿನ ವಿಜ್ಞಾನದ ದೃಷ್ಟಿಯಿಂದ ಈ ಕೃತಿಯ ಅನೇಕ ಅಂಶಗಳು ನಿಲ್ಲುವುದಿಲ್ಲ. ಚಂದ್ರನು ಭೂಮಿಗೆ ಸಮೀಪವಾಗುತ್ತಿಲ್ಲ, ವರ್ಷಕ್ಕೆ ಸುಮಾರು ೩.೮ ಸೆಂಟಿಮೀಟರಿನಂತೆ ದೂರ ಸರಿಯುತ್ತಿದ್ದಾನೆ. ೧೯೬೯ರಲ್ಲಿ ಅಪೊಲೊ ೧೧ರ ಯಾತ್ರಿಕರು ಚಂದ್ರನ ಮೇಲೆ ಇಟ್ಟುಬಂದ ಪ್ರತಿಫಲಕಕ್ಕೆ ಲೇಸರ್ ಕಿರಣವನ್ನು ಹಾಯಿಸಿ ಈ ಅಳತೆಯನ್ನು ಮಾಡಲು ಸಾಧ್ಯವಾಯಿತು. ಶುಕ್ರದಲ್ಲಿ ಸಾಗರವಿಲ್ಲ. ೧೯೬೨ರಲ್ಲಿ ಮ್ಯಾರಿನರ್ ೨ ಅದರ ಸಮೀಪ ಹಾದು ಅಲ್ಲಿನ ಉಷ್ಣತೆಯನ್ನು ತಿಳಿಸಿತು. ೧೯೭೦ರಲ್ಲಿ ಸೋವಿಯತ್ ಒಕ್ಕೂಟದ ವೆನೆರಾ ೭ ನೆಲಕ್ಕಿಳಿದು ಸಂದೇಶ ಕಳುಹಿತು. ನೆಲದ ಉಷ್ಣತೆ ಸುಮಾರು ೪೬೫ ಡಿಗ್ರಿ ಸೆಲ್ಸಿಯಸ್, ವಾಯುವಿನ ಒತ್ತಡ ಭೂಮಿಯದಕ್ಕಿಂತ ಸುಮಾರು ೯೦ ಪಟ್ಟು, ವಾತಾವರಣದ ಶೇಕಡ ೯೬ಕ್ಕಿಂತ ಹೆಚ್ಚು ಭಾಗ ಇಂಗಾಲದ ಡೈಆಕ್ಸೈಡು. ಸೀಸವೂ ಕರಗುವ ಆ ನೆಲದಲ್ಲಿ ವಸಾಹತಿನ ಮಾತೇ ಇಲ್ಲ. ಆದರೂ ಶುಕ್ರದ ಕುತೂಹಲ ತಣಿದಿಲ್ಲ. ಭಾರತದ ಶುಕ್ರ ಪರಿಭ್ರಮಣ ಯೋಜನೆಗೆ ೨೦೨೪ರ ಸೆಪ್ಟೆಂಬರಿನಲ್ಲಿ ಕೇಂದ್ರ ಸಚಿವ ಸಂಪುಟ ಒಪ್ಪಿಗೆ ನೀಡಿತು. ಅದನ್ನು ಕೈಗೊಂಡಿರುವ ಬಾಹ್ಯಾಕಾಶ ಸಂಸ್ಥೆಯ ಕೇಂದ್ರ ಕಾರ್ಯಾಲಯ ಬೆಂಗಳೂರಿನಲ್ಲಿದೆ.

ನೆಪ್ಚೂನಿಗೆ ಕಾಲೂರುವ ನೆಲವೇ ಇಲ್ಲ. ೧೯೭೭ರಲ್ಲಿ ಹೊರಟ ವಾಯೇಜರ್ ೨ ಹನ್ನೆರಡು ವರ್ಷ ಪ್ರಯಾಣ ಮಾಡಿ ೧೯೮೯ರ ಆಗಸ್ಟಿನಲ್ಲಿ ಅದನ್ನು ಹಾದುಹೋಯಿತು. ಸೂರ್ಯನಿಂದ ಸುಮಾರು ೪೫೦ ಕೋಟಿ ಕಿಲೋಮೀಟರ್ ದೂರದ ಆ ಗ್ರಹ ಸೂರ್ಯನನ್ನು ಒಂದು ಸುತ್ತು ಬರಲು ೧೬೫ ವರ್ಷ ಬೇಕು. ಮೋಡಗಳ ಮೇಲ್ಭಾಗದಲ್ಲಿ ಅದರ ಗುರುತ್ವ ಭೂಮಿಯದಕ್ಕಿಂತ ಸ್ವಲ್ಪವೇ ಹೆಚ್ಚು.

ಮೂಲ ಪ್ರಶ್ನೆಯಲ್ಲಿ ಮಾತ್ರ ಕರ್ತೃವು ತಪ್ಪಿಲ್ಲ. ಸೂರ್ಯನು ನಿತ್ಯನಲ್ಲ. ಅವನು ನಿಧಾನವಾಗಿ ಪ್ರಖರನಾಗುತ್ತಿದ್ದು, ಸುಮಾರು ನೂರು ಕೋಟಿ ವರ್ಷಗಳಲ್ಲಿ ಭೂಮಿಯ ಸಾಗರಗಳು ಉಳಿಯದಷ್ಟು ಕಾವು ಏರಬಹುದೆಂದೂ, ಸುಮಾರು ಐನೂರು ಕೋಟಿ ವರ್ಷಗಳಲ್ಲಿ ಸೂರ್ಯನು ಉಬ್ಬಿ ಕೆಂಪು ದೈತ್ಯ ತಾರೆಯಾಗುವನೆಂದೂ ಖಗೋಳ ವಿಜ್ಞಾನಿಗಳ ಗಣನೆ. ಭೂಮಿಯ ವಾಸಕ್ಕೆ ಅವಧಿಯಿದೆಯೆಂಬುದು ಕಲ್ಪನೆಯಲ್ಲ, ಸತ್ಯ.

೭. ಪರಿಣಾಮ ಮತ್ತು ಪ್ರತಿವಾದ

ಆರ್ಥರ್ ಸಿ. ಕ್ಲಾರ್ಕ್ ಈ ಕೃತಿಯಿಂದ ತಾನು ಪಡೆದ ಪ್ರೇರಣೆಯನ್ನು ಜೀವನಪರ್ಯಂತ ಸ್ಮರಿಸಿದನು. ಇದಕ್ಕೆ ಪ್ರತಿವಾದವೂ ಹುಟ್ಟಿತು. ಸಿ. ಎಸ್. ಲೂಯಿಸ್ ೧೯೩೮ರಲ್ಲಿ ಬರೆದ 'ಔಟ್ ಆಫ್ ದಿ ಸೈಲೆಂಟ್ ಪ್ಲಾನೆಟ್' ಕಾದಂಬರಿಯಲ್ಲಿ, ಕುಲದ ಉಳಿವಿನ ಹೆಸರಿನಲ್ಲಿ ಪರಗ್ರಹದ ಜೀವಿಗಳನ್ನು ಅಳಿಸಲು ಹೇಸದ ವಿಜ್ಞಾನಿಯೊಬ್ಬನನ್ನು ಖಂಡಿಸಿದನು. ಸ್ಟೇಪಲ್ಡನ್ನನ ಕಲ್ಪನಾಶಕ್ತಿಯನ್ನು ಮೆಚ್ಚಿದರೂ ಅವನ ತತ್ತ್ವವನ್ನು ಲೂಯಿಸ್ ಒಪ್ಪಲಿಲ್ಲ. ಆದರೆ ಶುಕ್ರದ ಪ್ರಸಂಗವನ್ನು ಗಮನವಿಟ್ಟು ಓದಿದವರಿಗೆ, ಈ ಆಕ್ಷೇಪಣೆಯ ಬಹುಭಾಗ ಮೂಲ ಕೃತಿಯಲ್ಲಿಯೇ ಅಡಗಿರುವುದು ಕಾಣುತ್ತದೆ. ೧೯೪೮ರಲ್ಲಿ ಬ್ರಿಟಿಷ್ ಅಂತರಗ್ರಹ ಸಂಘದಲ್ಲಿ ಸ್ಟೇಪಲ್ಡನ್ ಮಾಡಿದ ಉಪನ್ಯಾಸದಲ್ಲಿಯೂ, ಗ್ರಹಗಳನ್ನು ತಲುಪುವುದು ಹೇಗೆಂಬುದಕ್ಕಿಂತ ತಲುಪಿ ಮಾಡಬೇಕಾದುದೇನು ಎಂಬುದೇ ಮುಖ್ಯ ಚಿಂತನೆಯಾಗಿದ್ದಿತು. ೧೯೫೦ರಲ್ಲಿ ಆತ ತೀರಿಕೊಂಡನು. ಕೃತಕ ಉಪಗ್ರಹವೊಂದು ಆಕಾಶಕ್ಕೇರಿದುದನ್ನು ಕಾಣುವ ಭಾಗ್ಯ ಅವನಿಗಿರಲಿಲ್ಲ.

ಆ ಚಿಂತನೆ ಇಂದು ಕಾಗದದ ಮೇಲಷ್ಟೇ ಉಳಿದಿಲ್ಲ. ೧೯೬೭ರ ಬಾಹ್ಯಾಕಾಶ ಒಪ್ಪಂದವು ಯಾವ ರಾಷ್ಟ್ರವೂ ಆಕಾಶಕಾಯಗಳನ್ನು ತನ್ನ ಸ್ವತ್ತೆಂದು ಸಾರಕೂಡದೆಂದೂ, ಅವುಗಳನ್ನು ಹಾನಿಕರವಾಗಿ ಮಲಿನಗೊಳಿಸಕೂಡದೆಂದೂ ವಿಧಿಸಿತು. ೨೦೦೩ರಲ್ಲಿ ಗೆಲಿಲಿಯೊ ನೌಕೆಯನ್ನು ಗುರುಗ್ರಹದೊಳಕ್ಕೂ, ೨೦೧೭ರಲ್ಲಿ ಕಸ್ಸೀನಿ ನೌಕೆಯನ್ನು ಶನಿಗ್ರಹದೊಳಕ್ಕೂ ಉದ್ದೇಶಪೂರ್ವಕವಾಗಿ ಬೀಳಿಸಿ ಸುಡಲಾಯಿತು. ಆ ಗ್ರಹಗಳ ಚಂದ್ರರಾದ ಯೂರೋಪ, ಎನ್ಸೆಲಡಸ್ ಮುಂತಾದವುಗಳಲ್ಲಿ ಹಿಮದ ಕೆಳಗೆ ಸಾಗರವಿದ್ದು, ಅಲ್ಲಿ ಜೀವವಿರುವ ಸಂಭವವುಂಟು. ಭೂಮಿಯ ಸೂಕ್ಷ್ಮಜೀವಿಯೊಂದು ನೌಕೆಗಂಟಿಕೊಂಡು ಹೋಗಿ ಆ ಜೀವಕ್ಕೆ ಕೇಡಾಗದಿರಲೆಂದು ಈ ಕ್ರಮ. ಇದೆಯೋ ಇಲ್ಲವೋ ತಿಳಿಯದ ಜೀವಕ್ಕಾಗಿ ಕೋಟಿಗಟ್ಟಲೆ ಬೆಲೆಯ ಯಂತ್ರವನ್ನು ಬೂದಿಮಾಡಿದ ಆ ನಿರ್ಧಾರದಲ್ಲಿ, ಐದನೆಯ ಮಾನವರು ತೋರಲಾಗದ ಸಂಯಮವನ್ನು ಮೊದಲ ಮಾನವರು ತೋರಿದರೆನ್ನಬಹುದು. ಅವರಿಗಿದ್ದ ಪ್ರಾಣಸಂಕಟ ನಮಗಿರಲಿಲ್ಲವೆಂಬುದೂ ನಿಜ. ಆದರೆ ಸಂಯಮವನ್ನು ಕಲಿಯಬೇಕಾದುದು ಸಂಕಟ ಬರುವುದಕ್ಕೆ ಮೊದಲೇ.

೮. ಉಪಸಂಹಾರ

ಮೂರು ಪರೀಕ್ಷೆಗಳನ್ನು ಒಟ್ಟಿಗೆ ನೋಡಿದಾಗ ಕಾದಂಬರಿಯ ತಾತ್ಪರ್ಯ ಸ್ಪಷ್ಟವಾಗುತ್ತದೆ. ಶುಕ್ರದಲ್ಲಿ ಮಾನವನು ಉಳಿದನು, ಆದರೆ ತನ್ನ ಉಳಿವಿನ ಬಗೆಗೆ ನಿಶ್ಚಿಂತನಾಗಿ ಉಳಿಯಲಿಲ್ಲ. ನೆಪ್ಚೂನಿನ ಆದಿಯಲ್ಲಿ ದೇಹ ಉಳಿಯಿತು, ಮಾನವತ್ವ ಉಳಿಯಲಿಲ್ಲ. ನೆಪ್ಚೂನಿನ ಅಂತ್ಯದಲ್ಲಿ ಮಾನವತ್ವವು ಪೂರ್ಣವಾಗಿದ್ದಿತು, ದೇಹಕ್ಕೆ ಎಡೆಯಿರಲಿಲ್ಲ. ಈ ಮೂರರಲ್ಲಿ ಸ್ಟೇಪಲ್ಡನ್ನನ ಗೌರವ ಸಲ್ಲುವುದು ಕೊನೆಯವರಿಗೆ. ಹಾಗೆಂದು ಆತ ಉಳಿವಿನ ಪ್ರಯತ್ನವನ್ನು ಅಲ್ಲಗಳೆಯುವುದಿಲ್ಲ. ಕೊನೆಯವರೂ ಬೀಜವನ್ನು ತೂರಿಯೇ ಸಾಯುತ್ತಾರೆ. ಉಳಿಯಬೇಕಾದುದು ಏನೆಂದು ಅರಿಯದೆ ಉಳಿಯಲು ಹೋರಾಡುವುದು ವ್ಯರ್ಥವೆಂಬುದೇ ಅವನ ಅಭಿಪ್ರಾಯವಾಗಿರಬೇಕು.

ಇನ್ನೊಂದು ಮಾತು ವಿದ್ಯಾರ್ಥಿಗಳು ಗಮನಿಸತಕ್ಕದ್ದು. ಹದಿನೆಂಟು ಜಾತಿಗಳ ಈ ದೀರ್ಘ ಚರಿತ್ರೆಯಲ್ಲಿ ಚಂದ್ರಪತನವನ್ನಾಗಲಿ ಸೂರ್ಯವಿಕಾರವನ್ನಾಗಲಿ ತಡೆಯುವುದು ಯಾರ ಕೈಯಲ್ಲಿಯೂ ಇರಲಿಲ್ಲ. ತಡೆಯಬಹುದಾಗಿದ್ದ ಅನರ್ಥಗಳು ಮೊದಲ ಮಾನವರವು: ಯುದ್ಧ, ದುರಾಸೆ, ಮುಗಿಯುತ್ತಿದೆಯೆಂದು ತಿಳಿದೂ ಇಂಧನವನ್ನು ಸುರಿದು ಸುಟ್ಟ ಅವಿವೇಕ. ನೂರು ಕೋಟಿ ವರ್ಷಗಳಾಚೆಯ ಸೂರ್ಯನ ಚಿಂತೆ ನಮ್ಮ ಪಾಲಿನದಲ್ಲ. ನಮ್ಮ ಪಾಲಿಗೆ ಬಂದಿರುವುದು ಈ ನೂರು ವರ್ಷಗಳ ನೀರು, ನೆಲ, ಗಾಳಿಗಳ ಚಿಂತೆ. ಬೇರೆ ಗ್ರಹವನ್ನು ಭೂಮಿಯಂತೆ ಮಾಡುವ ವಿದ್ಯೆಗಿಂತ ಭೂಮಿಯನ್ನು ಭೂಮಿಯಾಗಿಯೇ ಉಳಿಸುವ ವಿದ್ಯೆ ಸುಲಭವಾದುದು, ಮತ್ತು ಅದನ್ನು ಕಲಿಯದವನು ಯಾವ ಗ್ರಹಕ್ಕೆ ಹೋದರೂ ತನ್ನ ಅವಿವೇಕವನ್ನು ಗಂಟುಕಟ್ಟಿಕೊಂಡೇ ಹೋಗುವನು. ಮಾವಿನ ಸಸಿ ನೆಡುವ ಮುದುಕನ ಬಳಿ ರಾಕೆಟ್ಟು ಇಲ್ಲ. ಆದರೂ ಕುಲದ ಉಳಿವಿಗೆ ಬೇಕಾದ ಮೊದಲ ಪಾಠ ಅವನಿಗೆ ತಿಳಿದಿದೆ.